ಹಗ್ಗ ಎಳೆದವನಿಗೆ ಏನಾಯಿತು? ಫ್ರೀಮಾಂಟ್ ಕಾರ್ಖಾನೆಯ ಪ್ರಕರಣ

ಪೀಣ್ಯದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗಕ್ಕೆ ನಾನು ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಗಾಡಿಗಳಿಗೆ ಬೇಕಾದ ಸಣ್ಣಪುಟ್ಟ ಭಾಗಗಳನ್ನು ಮಾಡುವ ಜಾಗ ಅದು. ಒಂದು ದಿನ ಸೆಕೆಂಡ್ ಶಿಫ್ಟಿನಲ್ಲಿ, ಐಟಿಐ ಮುಗಿಸಿ ಹೊಸದಾಗಿ ಬಂದಿದ್ದ ಹುಡುಗನೊಬ್ಬ ಒಂದು ಪೀಸ್ ಹಿಡಿದುಕೊಂಡು ಸೂಪರ್‌ವೈಸರ್ ಹತ್ತಿರ ಬಂದ. ತೂತಿನ ಅಳತೆ ನೋಡುವ ಗೇಜಿಗೆ ಎರಡು ತುದಿ ಇರುತ್ತದೆ. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಇವನ ಪೀಸಿನಲ್ಲಿ ಎರಡೂ ಸಲೀಸಾಗಿ ಹೋಗುತ್ತಿದ್ದವು. "ಸರ್, ಊಟದ ಮೇಲೆ ಬಂದಿರೋದೆಲ್ಲ ಹೀಗೇ ಇದೆ, ಮಷೀನ್ ನಿಲ್ಸಿದೀನಿ" ಅಂದ.

ಸೂಪರ್‌ವೈಸರ್ ಪೀಸನ್ನು ನೋಡಲೇ ಇಲ್ಲ. "ನಿಲ್ಸು ಅಂತ ನಿಂಗೆ ಯಾರು ಹೇಳಿದ್ದು? ಎಂಟು ಗಂಟೆಗೆ ಲಾರಿ ಹೋಗ್ಬೇಕು, ಗೊತ್ತಾ?" ಎಂದು ಹತ್ತು ಜನರ ಮುಂದೆ ಕೂಗಾಡಿದರು. ಹುಡುಗ ತಲೆ ತಗ್ಗಿಸಿ ವಾಪಸ್ ಹೋದ. ಮಷೀನ್ ಶುರುವಾಯಿತು. ನಾನು ಐದಾರು ಅಡಿ ದೂರದಲ್ಲೇ ನಿಂತಿದ್ದೆ, ನನ್ನ ಜೇಬಿನಲ್ಲೂ ಅಂಥದೇ ಗೇಜ್ ಇತ್ತು. ನಾನೂ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ಎರಡು ತಿಂಗಳ ಮೇಲೆ ಗಿರಾಕಿ ಕಂಪನಿಯಿಂದ ಮಾಲು ವಾಪಸ್ ಬಂತು. "ಒಬ್ಬರೂ ಯಾಕೆ ಹೇಳಲಿಲ್ಲ?" ಎಂದು ಮೇಲಿನವರು ಕೇಳಿದರು. ಆಮೇಲೆ ಗೋಡೆಗೆ ಬೋರ್ಡು ಬಂತು, 'ಗುಣಮಟ್ಟ ನಮ್ಮೆಲ್ಲರ ಜವಾಬ್ದಾರಿ'. ಮೌಲ್ಯಗಳ ಬಗ್ಗೆ ಅರ್ಧ ದಿನದ ತರಬೇತಿ, ಜೊತೆಗೆ ಸಮೋಸ, ಟೀ. ಆ ಹುಡುಗ ಕೊನೆಯ ಸಾಲಿನಲ್ಲಿ ಕೂತಿದ್ದ. ಅವನ ಮುಖ ನೋಡಿದಾಗ ನನಗೆ ಅನ್ನಿಸಿದ್ದು ಒಂದೇ: ಇವನಿಗೆ ಪ್ರಾಮಾಣಿಕತೆ ಕಲಿಸಬೇಕಾಗಿರಲಿಲ್ಲ. ಅದು ಅವನಲ್ಲಿ ಇತ್ತು. ನಾವೇ ಅದನ್ನು ಒಂದು ನಿಮಿಷದಲ್ಲಿ ಹೊಸಕಿ ಹಾಕಿದೆವು.

ಈಗ ನಾನು ಸಣ್ಣ ಕಾರ್ಖಾನೆಗಳ ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಡುತ್ತೇನೆ. ನೌಕರರಲ್ಲಿ ಹುಮ್ಮಸ್ಸು ತುಂಬುವುದು ಹೇಗೆ, ನಿಯತ್ತು ಬೆಳೆಸುವುದು ಹೇಗೆ ಎಂದು ಯಾರು ಕೇಳಿದರೂ ನಾನು ಹೇಳುವುದು ಅಮೆರಿಕದ ಒಂದು ಕಾರು ಕಾರ್ಖಾನೆಯ ಪ್ರಕರಣ. ಹಳೆಯದು, ಹೌದು. ಆದರೆ ಅಲ್ಲಿ ನಡೆದದ್ದು ಬೇರೆಲ್ಲೂ ಅಷ್ಟು ಸ್ಪಷ್ಟವಾಗಿ ಕಾಣಸಿಗುವುದಿಲ್ಲ. ಕಟ್ಟಡ ಅದೇ, ಯೂನಿಯನ್ ಅದೇ, ಬಹುಪಾಲು ಜನ ಅವರೇ. ಬದಲಾಗಿದ್ದು ಅವರನ್ನು ನಡೆಸಿಕೊಂಡ ರೀತಿ ಮಾತ್ರ.

ಹಳೆಯ ಫ್ರೀಮಾಂಟ್

ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವಕ್ಕೆ ಫ್ರೀಮಾಂಟ್ ಎಂಬ ಊರಿದೆ. ಇವತ್ತು ಅಲ್ಲಿ ಕನ್ನಡದವರೂ ಸೇರಿ ಭಾರತೀಯರು ಬಹಳ ಜನ ಇದ್ದಾರೆ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್ (ಜಿಎಂ) ಅಲ್ಲಿ ಒಂದು ಜೋಡಣಾ ಕಾರ್ಖಾನೆ ಕಟ್ಟಿತು. ಅದಕ್ಕೆ ಬಂದ ಹೆಸರು ಎಂಥದ್ದು ಅಂದರೆ, ಇಡೀ ಜಿಎಂ ಕಂಪನಿಯಲ್ಲೇ ಅತಿ ಕೆಟ್ಟ ಕೆಲಸಗಾರರು ಇರುವ ಜಾಗ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಯಾವುದೇ ದಿನ ನೋಡಿದರೂ ನೂರಕ್ಕೆ 20ಕ್ಕಿಂತ ಜಾಸ್ತಿ ಜನ ಗೈರು. ಸೋಮವಾರ ಬೆಳಗ್ಗೆ ಕೆಲವೊಮ್ಮೆ ಲೈನ್, ಅಂದರೆ ಕಾರುಗಳು ಮುಂದೆ ಸರಿಯುತ್ತಾ ಹೋಗುವ ಜೋಡಣೆಯ ಸಾಲು, ಶುರು ಮಾಡುವಷ್ಟು ಜನವೂ ಸಿಗುತ್ತಿರಲಿಲ್ಲ, ಎದುರಿನ ಬಾರ್‌ನಿಂದ ಜನರನ್ನು ಕರೆತರುತ್ತಿದ್ದರು ಎಂದು ಹಳೆಯ ಕೆಲಸಗಾರರೇ ಹೇಳಿಕೊಂಡಿದ್ದಾರೆ. ಒಳಗೆ ಕುಡಿತ, ಮಾದಕ ವಸ್ತು, ಜೂಜು. ಯೂನಿಯನ್ನಿಗೂ ಹೇಳದೆ ದಿಢೀರ್ ಮುಷ್ಕರಗಳು. ಇತ್ಯರ್ಥವಾಗದ ದೂರುಗಳು ಸಾವಿರಾರು. ಸಿಟ್ಟಿಗೆ ಕಾರಿನ ಬಾಗಿಲೊಳಗೆ ಸೋಡಾ ಬಾಟಲಿ ಇಟ್ಟು ಮುಚ್ಚಿಬಿಡುತ್ತಿದ್ದರಂತೆ, ಕಾರು ಕೊಂಡವನಿಗೆ ಗಡಗಡ ಸದ್ದು ಎಲ್ಲಿಂದ ಬರುತ್ತಿದೆ ಅಂತ ಕೊನೆತನಕ ಗೊತ್ತಾಗಬಾರದು ಅಂತ.

ಇಷ್ಟು ಕೇಳಿದವರೆಲ್ಲ "ಅಂಥವರನ್ನ ಮನೆಗೆ ಕಳಿಸಬೇಕಿತ್ತು" ಅನ್ನುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಆ ಕಾರ್ಖಾನೆಯ ಒಂದು ನಿಯಮ ನೋಡಿ. ಲೈನ್ ಯಾವ ಕಾರಣಕ್ಕೂ ನಿಲ್ಲಬಾರದು. ಎಂಜಿನ್ ತಿರುವುಮುರುವಾಗಿ ಕೂತರೂ, ಒಂದು ಮಾದರಿಗೆ ಇನ್ನೊಂದು ಮಾದರಿಯ ಭಾಗ ಬಂದರೂ, ಬೋಲ್ಟ್ ಹತ್ತದಿದ್ದರೂ ಕಾರು ಮುಂದಕ್ಕೆ ಹೋಗಲೇಬೇಕು. ಕೊನೆಗೆ ಅಂಗಳದಲ್ಲಿ ಸಾಲಾಗಿ ನಿಂತ ಕಾರುಗಳನ್ನು ಬೇರೆಯವರು ಬಿಚ್ಚಿ, ಬಡಿದು, ಸರಿಮಾಡುತ್ತಿದ್ದರು. ಲೆಕ್ಕಕ್ಕೆ ಬರುತ್ತಿದ್ದುದು ಎಷ್ಟು ಕಾರು ಹೊರಬಂತು ಅನ್ನೋದು ಮಾತ್ರ. ಲೈನ್ ನಿಲ್ಲಿಸಿದರೆ ಕೆಲಸ ಹೋಗುತ್ತದೆ ಅನ್ನೋದು ಎಲ್ಲರಿಗೂ ಗೊತ್ತಿತ್ತು.

ದಿನಕ್ಕೆ ಎಂಟು ಗಂಟೆ, ಹತ್ತು ಹದಿನೈದು ವರ್ಷ, ಕಣ್ಣೆದುರೇ ತಪ್ಪು ನೋಡಿಕೊಂಡು ಸುಮ್ನೆ ಬಿಡಬೇಕು. ಬಿಟ್ಟವನಿಗೆ ಸಂಬಳ, ಹಿಡಿದವನಿಗೆ ಬೈಗುಳ. ಹೀಗಿದ್ದಾಗ ಮನುಷ್ಯನಿಗೆ ತನ್ನ ಕೈಕೆಲಸದ ಮೇಲೆ ಗೌರವ ಉಳಿಯುತ್ತದೆಯೇ? ಆ ಬಾಟಲಿ ಇಟ್ಟದ್ದು ತಪ್ಪೇ. ಆದರೆ ತಪ್ಪನ್ನು ಬಾಗಿಲೊಳಗೆ ಮುಚ್ಚಿ ಕಳಿಸುವುದನ್ನು ಅವನಿಗೆ ಕಲಿಸಿಕೊಟ್ಟದ್ದು ಕಂಪನಿಯೇ ಅಲ್ವಾ?

1982ರ ಮಾರ್ಚ್‌ನಲ್ಲಿ ಜಿಎಂ ಆ ಕಾರ್ಖಾನೆಗೆ ಬೀಗ ಹಾಕಿತು. ಸಾವಿರಾರು ಜನ ಬೀದಿಗೆ ಬಿದ್ದರು.

ಅದೇ ಜನ ಮತ್ತೆ

ಆ ಹೊತ್ತಿಗೆ ಜಪಾನಿನ ಟೊಯೋಟಾಗೆ ಅಮೆರಿಕದಲ್ಲೇ ಕಾರು ಮಾಡಬೇಕಾದ ಒತ್ತಡ ಇತ್ತು. ಜಿಎಂಗೆ ಒಳ್ಳೆಯ ಸಣ್ಣ ಕಾರು ಮಾಡಲು ಬರುತ್ತಿರಲಿಲ್ಲ. 1983ರ ಫೆಬ್ರವರಿಯಲ್ಲಿ ಎರಡೂ ಕಂಪನಿಗಳು ಒಪ್ಪಂದ ಪ್ರಕಟಿಸಿದವು. ಪ್ರಕಟಿಸಿದವರು ಜಿಎಂ ಕಡೆಯಿಂದ ಅದರ ಮುಖ್ಯಸ್ಥ ರೋಜರ್ ಸ್ಮಿತ್, ಟೊಯೋಟಾ ಕಡೆಯಿಂದ ಅದರ ಮುಖ್ಯಸ್ಥ ಎಯ್ಜಿ ಟೊಯೋಡಾ. ಮುಚ್ಚಿದ ಫ್ರೀಮಾಂಟ್ ಕಾರ್ಖಾನೆಯೇ ಜಾಗ. ಹೊಸ ಕಂಪನಿಯ ಹೆಸರು ನ್ಯೂ ಯುನೈಟೆಡ್ ಮೋಟರ್ ಮ್ಯಾನುಫ್ಯಾಕ್ಚರಿಂಗ್. ಎಲ್ಲರೂ ಕರೆದದ್ದು ನಮ್ಮಿ ಎಂದು. ಅದರ ಮೊದಲ ಅಧ್ಯಕ್ಷ ತತ್ಸುರೋ ಟೊಯೋಡಾ.

ಜನ ಎಲ್ಲಿಂದ ತರುವುದು? ಟೊಯೋಟಾಗೆ ಮೊದಲು ಆ ಯೂನಿಯನ್ ಬಗ್ಗೆ ಭಯವೇ ಇತ್ತು. ಹಿಂದೆ ಅಮೆರಿಕದ ಕಾರ್ಮಿಕ ಮಂತ್ರಿಯಾಗಿದ್ದ ವಿಲಿಯಂ ಯುಸರಿ ನಡುವೆ ನಿಂತು ಮಾತುಕತೆ ಮಾಡಿಸಿದರು. ಕೊನೆಗೆ ಅಮೆರಿಕದ ಕಾರು ಕಾರ್ಮಿಕರ ಯುಎಡಬ್ಲ್ಯು ಯೂನಿಯನ್ನನ್ನು ಒಪ್ಪಿಕೊಂಡು, ಹಳೆಯವರಿಗೇ ಮೊದಲ ಅವಕಾಶ ಎಂದಾಯಿತು. ಹೊಸದಾಗಿ ಸೇರಿದವರಲ್ಲಿ ನೂರಕ್ಕೆ ಸುಮಾರು 85 ಜನ ಹಳೆಯ ಫ್ರೀಮಾಂಟ್‌ನವರೇ. ಮುಷ್ಕರ ಮಾಡಿಸಿದ್ದ ಮುಖಂಡರೂ ಅದರಲ್ಲಿದ್ದರು. ಸಂಬಳ ಹೆಚ್ಚುಕಡಿಮೆ ಹಿಂದಿನಷ್ಟೇ, ಅಮೆರಿಕದ ಬೇರೆ ಕಾರು ಕಾರ್ಖಾನೆಗಳ ಮಟ್ಟದ್ದೇ. ಇದನ್ನು ನಾನು ಬೇಕೆಂದೇ ಒತ್ತಿ ಹೇಳುತ್ತೇನೆ. ಜನ ಬದಲಾದದ್ದು ಜಾಸ್ತಿ ದುಡ್ಡಿನಿಂದ ಅಲ್ಲ.

1984ರಲ್ಲಿ ಟೊಯೋಟಾ ಸುಮಾರು 450 ಮಂದಿ ತಂಡದ ಮುಖ್ಯಸ್ಥರನ್ನು, ಗುಂಪಿನ ಮುಖ್ಯಸ್ಥರನ್ನು ತಂಡ ತಂಡವಾಗಿ ಜಪಾನಿಗೆ ಕಳಿಸಿತು. ಟೊಯೋಟಾ ನಗರದ ತಕಾವೊಕಾ ಕಾರ್ಖಾನೆಗೆ. ಅಲ್ಲಿ ಇವರು ಬರೀ ಪಾಠ ಕೇಳಲಿಲ್ಲ. ಲೈನಿನ ಮೇಲೆ ಜಪಾನಿ ಕೆಲಸಗಾರನ ಪಕ್ಕ ನಿಂತು ಅದೇ ಕೆಲಸ ಮಾಡಿದರು. ಹಿಂದೆ ಬಿದ್ದರೆ ಯಾರೋ ಬಂದು ಕೈಜೋಡಿಸುತ್ತಿದ್ದರು. ಅದಕ್ಕಿಂತ ದೊಡ್ಡ ವಿಷಯ, "ಇದನ್ನು ಸುಲಭ ಮಾಡೋಕೆ ನಿಮಗೇನಾದರೂ ಹೊಳೆಯುತ್ತಾ?" ಎಂದು ಕೇಳುತ್ತಿದ್ದರು. ಕೇಳಿದ್ದು ಮಾತ್ರ ಅಲ್ಲ. ಹೇಳಿದ ಉಪಕರಣವನ್ನು ಮಾಡಿಸಿ ತಂದು ಕೈಗೆ ಕೊಡುತ್ತಿದ್ದರು. ಫ್ರೀಮಾಂಟ್‌ನಲ್ಲಿ ವರ್ಷಗಟ್ಟಲೆ ದುಡಿದರೂ ಇವರನ್ನು ಯಾರೂ ಏನೂ ಕೇಳಿದ್ದೇ ಇಲ್ಲ. ತರಬೇತಿ ಮುಗಿದು ಹೊರಡುವ ದಿನ ಎರಡೂ ಕಡೆಯವರು ತಬ್ಬಿಕೊಂಡು ಅತ್ತದ್ದನ್ನು ಅಲ್ಲಿದ್ದವರು ಹೇಳಿದ್ದಾರೆ. ಬಾರ್‌ನಿಂದ ಎಳೆದು ತರಬೇಕಾಗಿದ್ದ ಅದೇ ಊರಿನ ಅದೇ ಜನ.

ಹಗ್ಗ

ಈ ಪ್ರಕರಣದ ತಿರುಳು ಒಂದು ಹಗ್ಗ. ಲೈನಿನ ಉದ್ದಕ್ಕೂ ತಲೆಯ ಮೇಲೆ, ಕೈಗೆ ಎಟುಕುವ ಹಾಗೆ ಒಂದು ಹಗ್ಗ ಕಟ್ಟಿರುತ್ತಾರೆ. ಜಪಾನಿನಲ್ಲಿ ಇದಕ್ಕೆ 'ಆಂಡಾನ್' ವ್ಯವಸ್ಥೆ ಅನ್ನುತ್ತಾರೆ. ಬೋಲ್ಟ್ ಕೂರಲಿಲ್ಲ, ಭಾಗ ತಪ್ಪಿದೆ, ಕೈ ಸಾಲುತ್ತಿಲ್ಲ, ಏನೇ ಇರಲಿ, ಕೆಲಸಗಾರ ಹಗ್ಗ ಎಳೆಯಬೇಕು. ಸಂಗೀತ ಬರುತ್ತದೆ, ಬೋರ್ಡಿನಲ್ಲಿ ಅವನ ಜಾಗದ ದೀಪ ಹೊತ್ತಿಕೊಳ್ಳುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಇಬ್ಬರೂ ಸೇರಿ ನೋಡುತ್ತಾರೆ. ಕಾರು ಅವನ ಜಾಗ ದಾಟುವಷ್ಟರಲ್ಲಿ ಸರಿಹೋದರೆ ಮತ್ತೆ ಹಗ್ಗ ಎಳೆದು ಮುಂದುವರಿಸುತ್ತಾರೆ. ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ.

ಒಂದು ಕ್ಷಣ ನೀವೇ ಆ ಜಾಗದಲ್ಲಿ ನಿಂತು ಯೋಚಿಸಿ. ನಿಮಗೆ ನಲವತ್ತು ವರ್ಷ. ಮನೆಯ ಮೇಲೆ ಸಾಲ. ಎರಡು ವರ್ಷ ಕೆಲಸವಿಲ್ಲದೆ ಕೂತು ಬಂದಿದ್ದೀರಿ. ಹಳೆಯ ಜಿಎಂನಲ್ಲಿ ಲೈನ್ ನಿಲ್ಲಿಸಿದವನ ಗತಿ ಏನಾಯಿತು ಎಂದು ಕಣ್ಣಾರೆ ಕಂಡಿದ್ದೀರಿ. ಈಗ ಹೊಸ ಮಾಲೀಕ "ತಪ್ಪು ಕಂಡರೆ ಎಳೀರಿ" ಅನ್ನುತ್ತಾನೆ. ಮೊದಲನೇ ಸಲ ಎಳೆಯಲು ಎಷ್ಟು ಧೈರ್ಯ ಬೇಕು! ಎಳೆದ ಮೇಲೆ ಓಡಿ ಬಂದವನ ಬಾಯಿಂದ ಬರುವ ಮೊದಲ ಮಾತಿನ ಮೇಲೆ ಎಲ್ಲ ನಿಂತಿದೆ. "ಯಾಕೆ ಎಳೆದೆ?" ಅಂದರೆ ಮುಗಿಯಿತು, ಆ ಹಗ್ಗವನ್ನು ಇನ್ನು ಯಾರೂ ಮುಟ್ಟುವುದಿಲ್ಲ. "ಏನಾಯ್ತು, ನಾನೇನು ಸಹಾಯ ಮಾಡಲಿ?" ಅಂದರೆ, ಸುತ್ತ ಇರುವ ಹತ್ತು ಜನ ಅದನ್ನು ನೋಡಿಟ್ಟುಕೊಳ್ಳುತ್ತಾರೆ. ನಮ್ಮಿಯಲ್ಲಿ ಬಂದದ್ದು ಎರಡನೆಯ ಮಾತು. ಅದೂ ಒಂದು ಸಲ ಅಲ್ಲ, ಪ್ರತಿ ಸಲ.

ನೌಕರರ ನೀತಿ ಎಂದು ನಾವು ಕರೆಯುವುದರ ಬಹುಪಾಲು ಇದೇ ಎಂದು ನಾನು ನಂಬಿದ್ದೇನೆ. ನಿಜ ಹೇಳಿದವನಿಗೆ ಆ ಕ್ಷಣದಲ್ಲಿ ಏನಾಗುತ್ತದೆ, ಅಷ್ಟೇ. ಕಂಪನಿಯ ನೀತಿಸಂಹಿತೆ ಪುಸ್ತಕ ನೂರು ಪುಟ ಇರಲಿ, ನೌಕರ ಓದುವುದು ಸೂಪರ್‌ವೈಸರ್ ಮುಖವನ್ನು.

ಮಾತಿಗೆ ಬೆಲೆ ತೆತ್ತ ವರ್ಷ

ಹಗ್ಗದ ಹಿಂದೆ ಇನ್ನೊಂದು ಭರವಸೆ ಇತ್ತು. ಅದಿಲ್ಲದಿದ್ದರೆ ಹಗ್ಗ ಬರೀ ಹಗ್ಗವಾಗೇ ಇರುತ್ತಿತ್ತು. ಲೈನ್ ಸುಧಾರಿಸಲು ಒಂದು ಉಪಾಯ ಹೇಳಿದೆ ಅಂದುಕೊಳ್ಳಿ, ಅದರಿಂದ ಇಬ್ಬರು ಮಾಡುತ್ತಿದ್ದ ಕೆಲಸವೇ ಬೇಡವಾಯಿತು, ಆ ಇಬ್ಬರನ್ನು ಮನೆಗೆ ಕಳಿಸಿದರು. ಇನ್ನೊಂದು ಉಪಾಯ ಯಾರಾದರೂ ಹೇಳುತ್ತಾರೆಯೇ? ಆದ್ದರಿಂದ 1985ರ ಯೂನಿಯನ್ ಒಪ್ಪಂದದಲ್ಲೇ ಬರೆದರು: ಕಂಪನಿಯ ಉಳಿವಿಗೇ ಸಂಚಕಾರ ಬರುವಂಥ ಕಷ್ಟ ಬಂದ ಹೊರತು ಯಾರನ್ನೂ ಲೇಆಫ್ ಮಾಡುವುದಿಲ್ಲ. ಅಂಥ ಕಷ್ಟ ಬಂದರೂ ಮೊದಲು ಅಧಿಕಾರಿಗಳ ಸಂಬಳ ಇಳಿಸಬೇಕು, ಹೊರಗೆ ಕೊಟ್ಟ ಗುತ್ತಿಗೆ ಕೆಲಸವನ್ನು ಒಳಗೆ ತರಬೇಕು.

ಕಾಗದದಲ್ಲಿ ಯಾರು ಬೇಕಾದರೂ ಬರೆಯಬಹುದು. ಪರೀಕ್ಷೆ ಬಂದದ್ದು 1987–88ರಲ್ಲಿ. ಅಲ್ಲಿ ಮಾಡುತ್ತಿದ್ದ ಶೆವರ್ಲೆ ನೋವಾ ಕಾರು ಮಾರಾಟವಾಗಲಿಲ್ಲ. ಟೊಯೋಟಾ ಕೊರೊಲಾದ ಅಣ್ಣತಮ್ಮನಂತಿದ್ದ ಒಳ್ಳೆಯ ಕಾರೇ ಅದು, ಆದರೆ ಅದರ ಮೇಲಿದ್ದ ಶೆವರ್ಲೆ ಹೆಸರನ್ನು ಜನ ಆಗ ನಂಬುತ್ತಿರಲಿಲ್ಲ. ಕಾರ್ಖಾನೆಯ ಸಾಮರ್ಥ್ಯದ ನೂರಕ್ಕೆ 60ರಷ್ಟೂ ಕೆಲಸ ಇರಲಿಲ್ಲ. ಬೇರೆ ಯಾವ ಕಾರು ಕಂಪನಿಯಾದರೂ ಆ ವಾರವೇ ಕೆಲಸದಿಂದ ತೆಗೆಯುವ ಚೀಟಿ ಕೊಡುತ್ತಿತ್ತು. ನಮ್ಮಿ ಒಬ್ಬರನ್ನೂ ಕಳಿಸಲಿಲ್ಲ. ಹೆಚ್ಚಾಗಿ ಉಳಿದವರನ್ನು ತರಬೇತಿಗೆ ಕೂರಿಸಿತು, ಲೈನ್ ಸುಧಾರಣೆಯ ತಂಡಗಳಿಗೆ ಹಾಕಿತು.

ಅವತ್ತಿನವರೆಗೂ ಅನುಮಾನ ಇಟ್ಟುಕೊಂಡಿದ್ದವರಿಗೆ ಅದಾದ ಮೇಲೆ ನಂಬಿಕೆ ಬಂತು. ನನಗೆ ಇಡೀ ಪ್ರಕರಣದಲ್ಲಿ ತುಂಬ ಇಷ್ಟವಾದ ಭಾಗ ಇದು. ಲಾಭ ಇರುವಾಗ ಮಾತು ಉಳಿಸಿಕೊಳ್ಳಲು ಖರ್ಚಿಲ್ಲ.

ಸಣ್ಣ ವಿಷಯಗಳೂ ಇದ್ದವು. ಸಾಹೇಬರಿಗೆ ಬೇರೆ ಪಾರ್ಕಿಂಗ್ ಇಲ್ಲ, ಬೇರೆ ಕ್ಯಾಂಟೀನ್ ಇಲ್ಲ. ಹಳೆಯ ಕಾರ್ಖಾನೆಯಲ್ಲಿ ಕೆಲಸಗಾರರನ್ನು ಹತ್ತಾರು ದರ್ಜೆಗಳಾಗಿ ಒಡೆದಿದ್ದರು, ಒಬ್ಬ ಮಾಡುವುದನ್ನು ಇನ್ನೊಬ್ಬ ಮುಟ್ಟುವಂತಿರಲಿಲ್ಲ. ಇಲ್ಲಿ ಉತ್ಪಾದನೆಯವರೆಲ್ಲ ಒಂದೇ ದರ್ಜೆ. ಸ್ಟಾಪ್‌ವಾಚ್ ಹಿಡಿದು ಬರುತ್ತಿದ್ದ ಎಂಜಿನಿಯರ್ ಬದಲು ತಂಡದವರೇ ಸ್ಟಾಪ್‌ವಾಚ್ ಹಿಡಿದು, ತಮ್ಮ ಕೆಲಸದ ಹೆಜ್ಜೆಗಳನ್ನು ತಾವೇ ಅಳೆದು ಬರೆದರು. ಈ ಕೊನೆಯದನ್ನು ನಮ್ಮ ಕಾರ್ಖಾನೆಗಳಲ್ಲಿ ಮಾಡಿಸಲು ನಾನು ಬಹಳ ಕಷ್ಟಪಟ್ಟಿದ್ದೇನೆ. ವಾಚ್ ಬಿಟ್ಟುಕೊಡಲು ಎಂಜಿನಿಯರ್‌ಗಳಿಗೆ ಮನಸ್ಸೇ ಬರುವುದಿಲ್ಲ.

ಫಲ

ಮೊದಲ ಕಾರು 1984ರ ಡಿಸೆಂಬರ್‌ನಲ್ಲಿ ಹೊರಬಂತು. ಗೈರುಹಾಜರಿ ನೂರಕ್ಕೆ 20ರಿಂದ ಮೂರು ನಾಲ್ಕಕ್ಕೆ ಇಳಿಯಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 1987ರಲ್ಲಿ ಮಾಡಿದ ಹೋಲಿಕೆ ಇದೆ. ಮ್ಯಾಸಚೂಸೆಟ್ಸ್‌ನ ಫ್ರಾಮಿಂಗ್‌ಹ್ಯಾಮ್‌ನಲ್ಲಿದ್ದ ಜಿಎಂ ಕಾರ್ಖಾನೆಯಲ್ಲಿ ಒಂದು ಕಾರು ಜೋಡಿಸಲು 31 ಗಂಟೆಯ ದುಡಿಮೆ ಬೇಕಿತ್ತು, ನಮ್ಮಿಯಲ್ಲಿ 19, ಜಪಾನಿನ ತಕಾವೊಕಾದಲ್ಲಿ 16. ನೂರು ಕಾರಿಗೆ ದೋಷಗಳು ಫ್ರಾಮಿಂಗ್‌ಹ್ಯಾಮ್‌ನಲ್ಲಿ 135, ನಮ್ಮಿಯಲ್ಲಿ 45. ತಕಾವೊಕಾದಲ್ಲೂ ಅಷ್ಟೇ, 45. ಮೂರೇ ವರ್ಷದಲ್ಲಿ ಅಮೆರಿಕದ 'ಅತಿ ಕೆಟ್ಟ' ಕೆಲಸಗಾರರ ಕೈಕೆಲಸ ಜಪಾನಿನ ಒಳ್ಳೆಯ ಕಾರ್ಖಾನೆಯ ಸರಿಸಮ ನಿಂತಿತು. 1991ರಲ್ಲಿ ಅಲ್ಲಿನ ನೌಕರರು 10,000ಕ್ಕೂ ಹೆಚ್ಚು ಸಲಹೆ ಕೊಟ್ಟರು, ನೂರಕ್ಕೆ 80ಕ್ಕೂ ಹೆಚ್ಚನ್ನು ಜಾರಿಗೆ ತಂದರು. ನಮ್ಮಲ್ಲಿ ಸಲಹಾ ಪೆಟ್ಟಿಗೆಗೆ ಹಾಕಿದ ಬೀಗದ ಕೀ ಯಾರ ಹತ್ತಿರ ಇದೆ ಅಂತಲೇ ಎಷ್ಟೋ ಕಡೆ ಗೊತ್ತಿರುವುದಿಲ್ಲ. ಸಲಹೆ ಬಾರದಿರುವುದಕ್ಕೆ ನೌಕರನನ್ನು ದೂರಬೇಡಿ.

ಇನ್ನೊಂದು ಮಗ್ಗುಲು

ಇದನ್ನು ಹೇಳದೆ ಬಿಟ್ಟರೆ ಪ್ರಕರಣ ಪೂರ್ತಿ ಆಗುವುದಿಲ್ಲ. ನಮ್ಮಿಯಲ್ಲಿ ಕೆಲಸ ಸುಲಭ ಇರಲಿಲ್ಲ. ಹಳೆಯ ಜಿಎಂನಲ್ಲಿ ಒಂದು ನಿಮಿಷದಲ್ಲಿ ಕೆಲಸಗಾರ ಸುಮಾರು 45 ಸೆಕೆಂಡ್ ಕೈ ಆಡಿಸುತ್ತಿದ್ದರೆ ಇಲ್ಲಿ 57 ಸೆಕೆಂಡ್. ಉಸಿರು ತೆಗೆದುಕೊಳ್ಳಲು ಮೂರು ಸೆಕೆಂಡ್. ಇದು ಒತ್ತಡ ಹಾಕಿ ದುಡಿಸುವ ಹೊಸ ದಾರಿ ಅಷ್ಟೇ ಎಂದು ಯೂನಿಯನ್ ಒಳಗೇ ಟೀಕೆ ಮಾಡಿದವರಿದ್ದರು. 1993ರ ಹೊಸ ಮಾದರಿ ಶುರುವಾದಾಗ ಕೈ, ಭುಜ, ಬೆನ್ನಿನ ನೋವಿನ ಪ್ರಕರಣಗಳು ಜಾಸ್ತಿಯಾಗಿ, ಕ್ಯಾಲಿಫೋರ್ನಿಯಾದ ಕಾರ್ಮಿಕ ಸುರಕ್ಷತಾ ಇಲಾಖೆ ಕಂಪನಿಗೆ ನೋಟಿಸ್ ಕೊಟ್ಟಿತು. ಆಮೇಲೆ ಕಂಪನಿ ಆ ಕಡೆ ಗಮನ ಕೊಟ್ಟು, ಮುಂದಿನ ಮಾದರಿಯ ವೇಳೆಗೆ ಕೆಲಸಗಾರರನ್ನು ಮೊದಲೇ ಕೂರಿಸಿಕೊಂಡು ಜಾಗಗಳನ್ನು ಸರಿಮಾಡಿತು.

ಟೀಕಾಕಾರರ ಮಾತಿನಲ್ಲಿ ಹುರುಳಿದೆ. ಹುಮ್ಮಸ್ಸು ಇರುವ ನೌಕರನನ್ನು ಹಿಂಡುವುದು ಇನ್ನೂ ಸುಲಭ. ಅವನು ಇಲ್ಲ ಅನ್ನುವುದಿಲ್ಲ. ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರನ್ನೇ ನೋಡಿ, ಕೆಲಸ ಪ್ರೀತಿಸುವವನ ಮೇಜಿನ ಮೇಲೇ ರಾತ್ರಿ ಹನ್ನೊಂದರ ಕೆಲಸ ಬಂದು ಬೀಳುತ್ತದೆ. ಮೊಣಕೈ ನೋಯುತ್ತದೆ ಎಂದು ಹೇಳಲೂ ಆ ಹಗ್ಗ ಬಳಕೆಯಾಗಬೇಕು. ಬರೀ ಕಾರಿನ ದೋಷಕ್ಕೆ ಮಾತ್ರ ಅಂದರೆ ಅದು ಅರ್ಧ ನಿಯತ್ತು.

ಹಗ್ಗ ತಂದರು, ಉಳಿದದ್ದು ತರಲಿಲ್ಲ

ಜಿಎಂ ಕಂಪನಿಗೆ ಪಾಠ ಮನೆಯೊಳಗೇ ಇತ್ತು. ಅದರ ಮ್ಯಾನೇಜರ್‌ಗಳು ನಮ್ಮಿಯಲ್ಲಿ ಇದ್ದು ಕಲಿತರು. ಬಂದವರಿಗೆ ಟೊಯೋಟಾ ಏನನ್ನೂ ಮುಚ್ಚಿಡಲಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ಅದನ್ನೇ ಮಾಡಲು ಹೊರಟರು. ಹಗ್ಗ ಕಟ್ಟಿದರು, ತಂಡ ಮಾಡಿದರು. ಆದರೆ ಮ್ಯಾನೇಜರ್‌ಗಳನ್ನು ಅಳೆಯುತ್ತಿದ್ದುದು ಹಿಂದಿನ ಹಾಗೆ ಕಾರುಗಳ ಸಂಖ್ಯೆಯಿಂದಲೇ. ಕೆಲಸಗಾರ ಹಗ್ಗ ಎಳೆದರೆ ಲೆಕ್ಕ ಕಡಿಮೆಯಾಗುತ್ತಿದ್ದುದು ಮೇಲಿನವನದು. ಅವನು ಸಿಟ್ಟಾಗದೆ ಇನ್ನೇನು ಮಾಡುತ್ತಾನೆ? ಅಲ್ಲಿನವರು ಕಾರ್ಖಾನೆ ಮುಚ್ಚಬಹುದೆಂಬ ಭಯದಲ್ಲೇ ದಿನ ದೂಡುತ್ತಿದ್ದರು, ತಂಡ ಅನ್ನೋದು ಜನ ಕಡಿಮೆ ಮಾಡುವ ಉಪಾಯ ಎಂದೇ ಬಹಳ ಜನ ಅಂದುಕೊಂಡರು. 1992ರಲ್ಲಿ ವ್ಯಾನ್ ನೈಸ್ ಮುಚ್ಚಿಹೋಯಿತು.

ಇನ್ನು ಟೊಯೋಟಾ. ಅದನ್ನು ದೇವರ ಪಟ್ಟಕ್ಕೆ ಏರಿಸಬೇಕಾಗಿಲ್ಲ. 2009–10ರಲ್ಲಿ ಕಾರುಗಳು ತಾವಾಗಿಯೇ ವೇಗ ಪಡೆಯುವ ದೋಷಗಳ ಗಲಾಟೆ ಎದ್ದು ಲಕ್ಷಾಂತರ ಕಾರು ವಾಪಸ್ ಕರೆಸಬೇಕಾಯಿತು. ಆ ದೋಷಗಳ ಬಗ್ಗೆ ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ದಂಡ ಕಟ್ಟಿತು. ಲೈನಿನ ಕೆಲಸಗಾರನಿಗೆ ಹಗ್ಗ ಕೊಟ್ಟ ಕಂಪನಿಯ ಮೇಲಿನ ಮಹಡಿಯಲ್ಲಿ ಹಗ್ಗ ಎಳೆಯುವವರು ಇರಲಿಲ್ಲ. ನನಗೆ ಅದನ್ನು ಓದಿದಾಗ ನಿಜವಾಗಿ ಬೇಜಾರಾಗಿತ್ತು.

ನಮ್ಮ ಬಿಡದಿಯಲ್ಲೂ ಅದೇ ಟೊಯೋಟಾ ಇದೆ. 1999ರ ಕೊನೆಯಲ್ಲಿ ಅಲ್ಲಿಂದ ಮೊದಲ ಕ್ವಾಲಿಸ್ ಹೊರಬಂತು. ಹಗ್ಗ, ದೀಪ, ತಂಡ ಎಲ್ಲ ಇರುವ ವ್ಯವಸ್ಥೆಯೇ. ಆದರೂ 2006ರಲ್ಲಿ, 2014ರಲ್ಲಿ, ಮತ್ತೆ 2020ರ ನವೆಂಬರ್‌ನಲ್ಲಿ ಮುಷ್ಕರ, ಲಾಕ್‌ಔಟ್ ಆದವು. ಯಾರದ್ದು ಸರಿ, ಯಾರದ್ದು ತಪ್ಪು ಎಂಬ ತೀರ್ಪು ಕೊಡಲು ನಾನು ಹೊರಟಿಲ್ಲ. ಎರಡೂ ಕಡೆಗೂ ಅವರವರ ಮಾತಿದೆ. ಇಷ್ಟು ಮಾತ್ರ ಹೇಳಬಲ್ಲೆ, ಒಂದೇ ಕಂಪನಿ, ಒಂದೇ ಕೈಪಿಡಿ ಇದ್ದರೂ ನಂಬಿಕೆಯನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಪಾರ್ಸೆಲ್ ಕಳಿಸಲು ಆಗುವುದಿಲ್ಲ. ಪ್ರತಿ ಕಾರ್ಖಾನೆಯಲ್ಲೂ ಅದನ್ನು ಹೊಸದಾಗಿ ಕಟ್ಟಬೇಕು.

ಫ್ರೀಮಾಂಟ್‌ನ ಕೊನೆಯೂ ಸುಖದ್ದಲ್ಲ. 2009ರ ಜೂನ್‌ನಲ್ಲಿ ಜಿಎಂ ದಿವಾಳಿ ಅರ್ಜಿ ಹಾಕಿತು, ನಮ್ಮಿಯಿಂದ ಹೊರನಡೆಯಿತು. ಟೊಯೋಟಾ ಒಬ್ಬಂಟಿಯಾಗಿ ಅದನ್ನು ನಡೆಸಲು ಒಪ್ಪಲಿಲ್ಲ. 2010ರ ಏಪ್ರಿಲ್ 1ರಂದು ಒಂದು ಕೆಂಪು ಕೊರೊಲಾ ಲೈನಿನಿಂದ ಇಳಿಯಿತು, ಅದೇ ಕೊನೆಯದು. ಸುಮಾರು 4,700 ಜನರಿಗೆ ಕೆಲಸ ಹೋಯಿತು. ಬಿಡುಗಡೆ ಹಣ ಕೊಟ್ಟರು, ನಿಜ. ಆದರೆ ಸುಮಾರು 25 ವರ್ಷ ನಿಯತ್ತಿನಿಂದ ದುಡಿದವನಿಗೆ ಅದು ಸಮಾಧಾನ ಆಗುತ್ತದೆಯೇ? ಮುಂದಿನ ತಿಂಗಳು ಟೆಸ್ಲಾ ಆ ಕಟ್ಟಡವನ್ನು 4.2 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. ಈಗಲೂ ಅಲ್ಲಿ ಕಾರು ತಯಾರಾಗುತ್ತಿದೆ.

ಬಟನ್

ಹೋದ ವರ್ಷ ಒಂದು ಸಣ್ಣ ಕಾರ್ಖಾನೆಗೆ ತರಬೇತಿಗೆ ಹೋಗಿದ್ದೆ. ವೈರ್ ಹಾರ್ನೆಸ್, ಅಂದರೆ ಗಾಡಿಯೊಳಗಿನ ವೈರುಗಳ ಕಟ್ಟು, ಜೋಡಿಸುವ ಜಾಗ, ಹೆಚ್ಚಿನವರು ಹೆಣ್ಣುಮಕ್ಕಳು, ಸುತ್ತಲಿನ ಹಳ್ಳಿಗಳಿಂದ ಕಂಪನಿ ಬಸ್ಸಿನಲ್ಲಿ ಬರುವವರು. ಪ್ರತಿ ಮೇಜಿನ ಪಕ್ಕ ಒಂದು ಕೆಂಪು ಬಟನ್ ಇತ್ತು. ದೊಡ್ಡ ಕಂಪನಿಯ ಆಡಿಟ್‌ಗೆ ಬೇಕೆಂದು ಹಾಕಿಸಿದ್ದು. ನಾನು ಒಂದು ಬಟನ್ ಮೇಲೆ ಬೆರಳಿಟ್ಟೆ. ಬೆರಳಿಗೆ ಧೂಳು ಮೆತ್ತಿಕೊಂಡಿತು. ಒತ್ತಿದೆ. ಮೇಲಿನ ದೀಪ ಹತ್ತಲಿಲ್ಲ. "ಬಲ್ಬ್ ಹೋಗಿದೆ ಸರ್" ಅಂದರು ಸೂಪರ್‌ವೈಸರ್. ಯಾವಾಗ ಹೋಯಿತು ಎಂದು ಅವರಿಗೂ ನೆನಪಿರಲಿಲ್ಲ.

ತರಬೇತಿಯ ಮೊದಲ ದಿನ ನಾವು ಮೌಲ್ಯಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಎಲ್ಲ ಬಲ್ಬ್ ಬದಲಿಸಿದೆವು. ಆಮೇಲೆ ಮಾಲೀಕರ ಜೊತೆ ಎರಡು ಗಂಟೆ ಕೂತೆ. ಆ ತಿಂಗಳು ಸೂಪರ್‌ವೈಸರ್‌ಗಳನ್ನು ದಿನದ ಲೆಕ್ಕದಿಂದ ಅಳೆಯಬೇಡಿ, ಟಾರ್ಗೆಟ್ ತಪ್ಪಿದರೆ ನೀವು ಸಿಟ್ಟಾಗಬೇಡಿ ಎಂದು ಬೇಡಿಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಆಗಲಿ ಅಂದರು. ಅವರಿಗೂ ಬ್ಯಾಂಕ್ ಸಾಲ ಇತ್ತು, ಆ ಮಾತಿನ ಬೆಲೆ ಅವರಿಗೆ ಗೊತ್ತಿತ್ತು.

ಮೊದಲ ಎರಡು ದಿನ ಯಾರೂ ಬಟನ್ ಮುಟ್ಟಲಿಲ್ಲ. ಮೂರನೇ ದಿನ ಮಧ್ಯಾಹ್ನ ಒಂದು ದೀಪ ಹತ್ತಿತು. ಒತ್ತಿದವರು ನಲವತ್ತು ದಾಟಿದ ಒಬ್ಬ ಹೆಂಗಸು. ಒತ್ತಿದ ಕೈಯನ್ನು ಬೆಂಕಿ ತಾಗಿದ ಹಾಗೆ ಹಿಂದಕ್ಕೆ ಎಳೆದುಕೊಂಡು ನಿಂತಿದ್ದರು. ಸುತ್ತಲಿನವರೆಲ್ಲ ಕೆಲಸ ಬಿಟ್ಟು, ಅವರನ್ನಲ್ಲ, ಆ ಕಡೆಯಿಂದ ಬರುತ್ತಿದ್ದ ಸೂಪರ್‌ವೈಸರ್ ಮುಖವನ್ನು ನೋಡುತ್ತಿದ್ದರು. ಅವರು ಬಂದರು. ಮೇಜಿನ ಮೇಲೆ ಬಗ್ಗಿದರು.

"ಎಲ್ಲಿ ಅಮ್ಮಾ, ತೋರಿಸಿ" ಅಂದರು.